ಗೋಡೆಯೊಳಗಿನ ಮಳೆಗಾಲ

ಮಲೆನಾಡಿನಲ್ಲಿ ಗೋಡೆ ಒದ್ದೆಯಾಗುವುದು ಸುದ್ದಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ, ಬಟ್ಟೆ, ಬೆಂಕಿಪೊಟ್ಟಣ ಎಲ್ಲವೂ ಹಸಿಯಾಗಿರುವ ಸೀಮೆಯಲ್ಲಿ ಗೋಡೆಯೊಂದು ಮಾತ್ರ ಒಣಗಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಆಷಾಢದಲ್ಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಸಮೀಪದ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನ ಮನೆಯ ನಡುಗೋಡೆ ತೇವಗೊಂಡಾಗ ಆ ಮನೆಯವರೂ ಹಾಗೆಯೇ ತಿಳಿದರು. ಹೆಂಚು ಸರಿದಿರಬೇಕೆಂದು ಮಳೆ ಬಿಡುವು ಕೊಟ್ಟ ದಿನ ಮಾಡು ಹತ್ತಿ ಹೆಂಚು ಸರಿಪಡಿಸಿದರು. ತೇವ ಹೋಗಲಿಲ್ಲ. ನಾಲ್ಕಾರು ಹೆಂಚು ಹೊಸದಾಗಿ ಹೊದಿಸಿದರು. ಆಗಲೂ ಹೋಗಲಿಲ್ಲ. ಈ ವರ್ಷದ ಮಳೆಯೇ ಹಾಗೆ ಎಂದು ಸುಮ್ಮನಾದರು.

ದೀಪಾವಳಿಗೆ ನಾನು ಅಲ್ಲಿಗೆ ಹೋದಾಗ ಮಳೆ ನಿಂತು ವಾರಗಳೇ ಕಳೆದಿದ್ದವು. ಅಂಗಳದಲ್ಲಿ ಧೂಳೇಳುತ್ತಿತ್ತು. "ತಮ್ಮಾ, ಮಳೆ ಹೋಗಿ ತಿಂಗಳಾತು, ಈ ಗೋಡೆ ಇನ್ನೂ ಒಣಗ್ಲಿಲ್ಲ ನೋಡು" ಎಂದು ಅಕ್ಕ ತೋರಿಸಿದಳು. ಮಣ್ಣಿನ ಗೋಡೆಯ ಬುಡ ಮೊಣಕಾಲೆತ್ತರಕ್ಕೆ ಮೆತ್ತಗಾಗಿತ್ತು. ಮಗಳ ಮದುವೆಯಲ್ಲಿ ಅದೇ ಗೋಡೆಯ ಮೇಲೆ ಬರೆದಿದ್ದ ಹಸೆ ಚಿತ್ತಾರದ ಕೆಳಭಾಗ ಕೆಮ್ಮಣ್ಣಿನ ಸಮೇತ ಕಳಚಿ ಬಿದ್ದಿತ್ತು. ಅಟ್ಟದ ತೊಲೆಯ ತುದಿಗೆ ಗೆದ್ದಲು ಹತ್ತಿತ್ತು. ಗೋಡೆಗೆ ಒತ್ತಿಸಿಟ್ಟಿದ್ದ ಮರದ ಪೆಟ್ಟಿಗೆಯಲ್ಲಿ ಭಾವನ ತಂದೆಯ ಕಾಲದ ಕಾಗದಗಳಿದ್ದವು. ಅವುಗಳಲ್ಲಿ ಗೇಣಿದಾರನಾಗಿದ್ದ ಆ ಹಿರಿಯರು 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಫಾರಂ 7 ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು ಪಡೆದ ಫಾರಂ 10 ಕೂಡ ಇತ್ತು. ತೆರೆದು ನೋಡಿದರೆ ಕಾಗದಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು.

ಕಾರಣವನ್ನು ಕಂಡುಹಿಡಿದವನು ನಾನಲ್ಲ, ಊರಿನ ನೀರುಗಂಟಿ. ತೊಟ್ಟಿ ತೊಳೆಯಲು ಬಂದಿದ್ದ ಆತ, "ಅಮ್ಮಾ, ರಾತ್ರಿ ನಲ್ಲಿ ಬಿಟ್ಟು ಮಲಗ್ತೀರಾ? ಬೆಳಗಾಗೋದ್ರೊಳಗೆ ಟ್ಯಾಂಕು ಕೆಳಗೆ ಇಳಿದಿರ್ತದಲ್ಲ" ಎಂದು ಕೇಳಿದ. ಆ ಒಂದು ಪ್ರಶ್ನೆಯಿಂದ ಗುಟ್ಟು ರಟ್ಟಾಯಿತು. ನಡುಗೋಡೆಯ ಆಚೆ ಬದಿಯಲ್ಲಿದ್ದ ಹೊಸ ಬಚ್ಚಲಿನ ಗೀಸರ್ ಬೆನ್ನಿನ ಕಡೆಯಿಂದ ಸೋರುತ್ತಿತ್ತು. ನೀರು ಕಣ್ಣಿಗೆ ಬೀಳುವಂತೆ ನೆಲಕ್ಕೆ ತೊಟ್ಟಿಕ್ಕದೆ, ಗೀಸರನ್ನು ತೂಗುಹಾಕಿದ್ದ ಮೊಳೆಯ ಜಾಡು ಹಿಡಿದು, ಟೈಲ್ಸಿನ ಹಿಂಬದಿಯಿಂದ ಮಣ್ಣಿನ ಗೋಡೆಯೊಳಗೆ ಇಳಿಯುತ್ತಿತ್ತು. ಹೊರಗಿನ ಮಳೆಗಾಲ ಮುಗಿದಿದ್ದರೂ ಗೋಡೆಯೊಳಗಿನ ಮಳೆಗಾಲ ಮುಗಿದಿರಲಿಲ್ಲ.

ಇದು ಒಂದು ಮನೆಯ ಕಥೆಯಾಗಿದ್ದರೆ ಪತ್ರಿಕೆಯ ಪುಟದಲ್ಲಿ ಬರೆಯುವ ಅಗತ್ಯವಿರಲಿಲ್ಲ. ಚಂದ್ರಗುತ್ತಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ರೇಣುಕಾಂಬೆಯ ಗುಹಾಲಯ, ಬೆಟ್ಟದ ಮೇಲಿನ ಕೋಟೆ ಮತ್ತು 1986ರ ಬೆತ್ತಲೆ ಸೇವೆಯ ವಿವಾದ. ಆದರೆ ಆ ಸೀಮೆಯಲ್ಲಿ ಕಳೆದ ಎರಡು ಮೂರು ದಶಕಗಳಲ್ಲಿ ಸದ್ದಿಲ್ಲದೆ ನಡೆದಿರುವ ಬದಲಾವಣೆಯೊಂದಿದೆ. ಅದು ಬಚ್ಚಲಿನ ಬದಲಾವಣೆ. ಹಿಂದೆ ಬಚ್ಚಲು ಮನೆಯ ಹಿತ್ತಲ ಅಂಚಿನಲ್ಲಿರುತ್ತಿತ್ತು. ತಾಮ್ರದ ಹಂಡೆಯನ್ನು ಒಲೆಯ ಮೇಲೆ ಕೂರಿಸಿ, ಸುತ್ತ ಮಣ್ಣು ಮೆತ್ತಿ, ತೋಟದ ಸೋಗೆ, ಹಾಳೆ, ಕಟ್ಟಿಗೆ ಉರಿಸಿ ನೀರು ಕಾಯಿಸುತ್ತಿದ್ದರು. ಸ್ನಾನದ ನೀರು ಹೊರಗೆ ಹರಿದು ಬಾಳೆಯ ಬುಡ ಸೇರುತ್ತಿತ್ತು. ಬೆಂಕಿ ಮತ್ತು ನೀರು ಎರಡನ್ನೂ ಮನೆಯ ಅಂಚಿನಲ್ಲಿ ಇಡಬೇಕೆಂಬ ಎಚ್ಚರ ಆ ಕಟ್ಟೋಣದಲ್ಲಿತ್ತು.

ಈಗ ಬಚ್ಚಲು ಮನೆಯ ನಡುವಿಗೆ, ಮಲಗುವ ಕೋಣೆಯ ಪಕ್ಕಕ್ಕೆ ಬಂದಿದೆ. ಇದನ್ನು ನಾನು ಆಕ್ಷೇಪಿಸುತ್ತಿಲ್ಲ. ಎಪ್ಪತ್ತು ದಾಟಿದ ಅಕ್ಕ ಸುರಿಯುವ ಮಳೆಯಲ್ಲಿ ಹಿತ್ತಲಿಗೆ ನಡೆದುಹೋಗಿ, ಹಸಿ ಕಟ್ಟಿಗೆಯ ಹೊಗೆ ಕುಡಿಯುತ್ತ ನೀರು ಕಾಯಿಸಬೇಕೆಂದು ಹಂಬಲಿಸುವುದು ನಗರದಲ್ಲಿ ಕುಳಿತವರ ಭಾವುಕತೆಯಷ್ಟೇ. ಗೀಸರ್ ಆ ಹೆಂಗಸರ ಶ್ರಮವನ್ನು ಕಡಿಮೆ ಮಾಡಿದೆ, ಕಾಡಿನ ಕಟ್ಟಿಗೆಯನ್ನೂ ಉಳಿಸಿದೆ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಲಜೀವನ ಮಿಷನ್ ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ, ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿಯೊಂದಿಗೆ ನಲ್ಲಿಗಳನ್ನು ಹಳ್ಳಿಯ ಮನೆಯಂಗಳಕ್ಕೆ ತಂದಿದೆ. ಅಂಗಳಕ್ಕೆ ನಲ್ಲಿ ಬಂದಮೇಲೆ ಸೂರಿನ ಮೇಲೊಂದು ತೊಟ್ಟಿ, ತೊಟ್ಟಿಯಿಂದ ಒಳಗೆ ಪೈಪು, ಪೈಪಿನ ತುದಿಗೆ ಗೀಸರ್ ಬರುವುದು ಸಹಜ. ನನ್ನ ಕಳವಳವಿರುವುದು ಬೇರೆ ವಿಷಯದಲ್ಲಿ. ಮನೆಯ ಬಾಗಿಲವರೆಗೆ ನೀರು ತರುವ ಬಗ್ಗೆ ಸರ್ಕಾರ, ಪಂಚಾಯಿತಿ, ಎಂಜಿನಿಯರು ಎಲ್ಲರೂ ಯೋಚಿಸಿದ್ದಾರೆ. ಬಾಗಿಲು ದಾಟಿದ ನೀರಿನ ಬಗ್ಗೆ ಯೋಚಿಸುವವರು ಯಾರೂ ಇಲ್ಲ.

ಹಂಡೆಗೂ ಗೀಸರಿಗೂ ಇರುವ ಮೂಲ ವ್ಯತ್ಯಾಸವನ್ನು ನಾವು ಗ್ರಹಿಸಿಲ್ಲ. ಹಂಡೆಯ ಬಾಯಿ ತೆರೆದಿರುತ್ತದೆ. ನೀರು ಕಾದು ಹಿಗ್ಗಿದರೆ ಮೇಲಕ್ಕೆ ಬರುತ್ತದೆ, ಕುದಿದರೆ ಆವಿ ಹೋಗುತ್ತದೆ. ತೂತಾದರೆ ಒಲೆಯ ಬೆಂಕಿ ಚುರ್ರೆಂದು ಆ ಕ್ಷಣವೇ ಸುದ್ದಿ ಮುಟ್ಟಿಸುತ್ತದೆ. ಸೋರಿದರೂ ಹಂಡೆಯಲ್ಲಿರುವಷ್ಟು ನೀರು ಮಾತ್ರ ಸೋರುತ್ತದೆ. ಗೀಸರ್ ಮುಚ್ಚಿದ ಪಾತ್ರೆ. 20 ಡಿಗ್ರಿ ಸೆಲ್ಸಿಯಸ್‌ನ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ಸುಮಾರು ಶೇ 1.5ರಷ್ಟು ಹೆಚ್ಚುತ್ತದೆ. 25 ಲೀಟರ್ ಗೀಸರಿನಲ್ಲಿ ಇದು ಮೂರರಿಂದ ನಾಲ್ಕು ನೂರು ಮಿಲಿಲೀಟರ್. ಈ ಹೆಚ್ಚುವರಿ ನೀರಿಗೆ ಹೋಗಲು ದಾರಿ ಬೇಕು. ಇಲ್ಲದಿದ್ದರೆ ಅದು ಪ್ರತಿ ದಿನ ತೊಟ್ಟಿಯ ಬೆಸುಗೆಗಳನ್ನು ಒಳಗಿನಿಂದ ನೂಕುತ್ತದೆ. ಇನ್ನೊಂದು ಮಾತು: ಗೀಸರಿನ ಹಿಂದೆ ಸೂರಿನ ಮೇಲಿನ ಸಾವಿರ ಲೀಟರಿನ ತೊಟ್ಟಿಯಿದೆ. ಆದ್ದರಿಂದ 15 ಲೀಟರಿನ ಗೀಸರ್ ಸೋರಿದರೆ ಹೋಗುವುದು 15 ಲೀಟರ್ ಎಂದು ತಿಳಿಯುವುದು ತಪ್ಪು. ಅದು ತೊಟ್ಟಿ ಬರಿದಾಗುವವರೆಗೆ ಸೋರುತ್ತದೆ, ತೊಟ್ಟಿ ತುಂಬಿದಂತೆಲ್ಲ ಮತ್ತೆ ಸೋರುತ್ತದೆ.

ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿ. ಸುಮಾರು 20 ಹನಿ ಒಂದು ಮಿಲಿಲೀಟರ್ ಎಂದುಕೊಂಡರೂ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು, ನಾಲ್ಕು ತಿಂಗಳಲ್ಲಿ ಐದು ನೂರು ಲೀಟರಿಗೂ ಮಿಗಿಲು. ಅಷ್ಟು ನೀರನ್ನು ಕೊಡದಲ್ಲಿ ತಂದು ಮಣ್ಣಿನ ಗೋಡೆಗೆ ಸುರಿಯುವುದನ್ನು ಕಂಡರೆ ಯಾರಾದರೂ ಕೈ ಹಿಡಿದು ನಿಲ್ಲಿಸುತ್ತಾರೆ. ಹನಿಹನಿಯಾಗಿ ಸುರಿದರೆ ಯಾರಿಗೂ ತಿಳಿಯುವುದಿಲ್ಲ. ಸುಟ್ಟ ಇಟ್ಟಿಗೆ ನೀರು ಹೀರಿದರೂ ಒಣಗಿದ ಮೇಲೆ ನಿಲ್ಲುತ್ತದೆ. ಸುಡದ ಮಣ್ಣಿನ ಗೋಡೆ ಹಾಗಲ್ಲ, ಬುಡ ನೆನೆದರೆ ಮೇಲಿನ ಭಾರಕ್ಕೆ ಕುಸಿಯುತ್ತದೆ. ಮಳೆಗಾಲದ ರಾತ್ರಿ ಗೋಡೆ ಬಿದ್ದು ಮಲಗಿದವರು ಸತ್ತ ಸುದ್ದಿಯನ್ನು ನಾವು ಪ್ರತಿ ವರ್ಷ ಓದುತ್ತೇವೆ. ಅಕ್ಕನ ಮನೆಯಲ್ಲಿ ಹೋದದ್ದು ಒಂದು ಚಿತ್ತಾರ, ಒಂದು ತೊಲೆ, ಒಂದು ಪೆಟ್ಟಿಗೆ ಕಾಗದ. ಇನ್ನೊಂದು ತಿಂಗಳು ಹಾಗೆಯೇ ಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಗೀಸರ್ ಏಕೆ ಸೋರುತ್ತದೆ? ಉತ್ತರ ಸರಳವಾಗಿದೆ. ಒಳಗಿನ ತೊಟ್ಟಿ ಹೆಚ್ಚಾಗಿ ಉಕ್ಕಿನದು. ತುಕ್ಕು ಹಿಡಿಯದಂತೆ ಅದರ ಒಳಮೈಗೆ ಗಾಜಿನಂಥ ಲೇಪ ಕೊಟ್ಟಿರುತ್ತಾರೆ. ಆ ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಆದ್ದರಿಂದ ತೊಟ್ಟಿಯೊಳಗೆ ಮೆಗ್ನೀಸಿಯಂ ಲೋಹದ ಸರಳೊಂದನ್ನು ಇಟ್ಟಿರುತ್ತಾರೆ. ಉಕ್ಕಿಗಿಂತ ಬೇಗ ಕರಗುವ ಗುಣ ಈ ಲೋಹಕ್ಕಿದೆ. ತಾನು ಸವೆಯುತ್ತ ಉಕ್ಕನ್ನು ಉಳಿಸುವುದು ಅದರ ಕೆಲಸ. ಸರಳು ಪೂರ್ತಿ ಸವೆದ ದಿನದಿಂದ ನೀರು ತೊಟ್ಟಿಯನ್ನೇ ತಿನ್ನಲಾರಂಭಿಸುತ್ತದೆ. ಕೆಲವು ನೂರು ರೂಪಾಯಿಯ ಈ ಸರಳನ್ನು ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿ ಬದಲಾಯಿಸಿದರೆ ಗೀಸರಿನ ಆಯುಷ್ಯ ಬಹಳಷ್ಟು ಹೆಚ್ಚುತ್ತದೆ. ಆದರೆ ಗೀಸರ್ ಕೊಂಡ ನೂರು ಜನರನ್ನು ಕೇಳಿದರೆ, ಒಳಗೆ ಇಂಥದೊಂದು ಸರಳಿದೆ ಎಂಬುದನ್ನು ಬಲ್ಲವರು ಎಷ್ಟು ಮಂದಿ ಸಿಕ್ಕಾರು? ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿ ಕಡತಗಳನ್ನು ಜೋಪಾನ ಮಾಡಿದ ನನಗೂ ಅದು ಗೊತ್ತಿರಲಿಲ್ಲವೆಂದು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ನೀರಿನ ಗುಣವೂ ಇಲ್ಲಿ ಮುಖ್ಯ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಕಾಯಿಸುವ ಸುರುಳಿಯ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ಸುರುಳಿ ಹೆಚ್ಚು ಬಿಸಿಯಾಗಿ ಒಡೆಯುತ್ತದೆ. ಮಲೆನಾಡಿನ ಜಂಬಿಟ್ಟಿಗೆ ನೆಲದ ಬಾವಿ, ಒರತೆಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಬೇಳೆ ಬೇಗ ಬೇಯುತ್ತದೆ, ಸಾಬೂನು ಚೆನ್ನಾಗಿ ನೊರೆಯಾಡುತ್ತದೆ ಎಂದು ನಾವು ಹೆಮ್ಮೆಪಡುವ ಅದೇ ನೀರು ಲೋಹವನ್ನು ಮೆಲ್ಲಗೆ ಕರಗಿಸುತ್ತದೆ. ಬೆಟ್ಟದ ಮೇಲಿನ ಅಬ್ಬಿಯಿಂದ ನೇರವಾಗಿ ಪೈಪಿನಲ್ಲಿ ನೀರು ತರುವ ಮನೆಗಳಲ್ಲಿ ಒತ್ತಡದ ಸಮಸ್ಯೆಯೂ ಸೇರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂನಂತೆ ಒತ್ತಡ ಏರುತ್ತದೆ. ಸೂರಿನ ತೊಟ್ಟಿಯ ಒತ್ತಡಕ್ಕೆ ತಕ್ಕ ಜೋಡಣೆಗಳು ನಲವತ್ತು ಐವತ್ತು ಮೀಟರ್ ಮೇಲಿನಿಂದ ಬರುವ ನೀರಿಗೆ ತಾಳುವುದಿಲ್ಲ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಒತ್ತಡದ ಪಂಪು ಮಾಡುವ ಕೆಲಸವನ್ನು ಇಲ್ಲಿ ಗುಡ್ಡವೇ ಮಾಡುತ್ತದೆ.

ಇಷ್ಟಕ್ಕೂ ಮೇಲಾಗಿ ಜೋಡಿಸುವವರ ಅಜ್ಞಾನವಿದೆ. ಗೀಸರಿನ ತಣ್ಣೀರು ಬರುವ ಬಾಯಿಗೆ ಸುರಕ್ಷಾ ಕವಾಟವೊಂದು ಇರುತ್ತದೆ. ಒತ್ತಡ ಮಿತಿಮೀರಿದಾಗ ಅದು ಒಂದಿಷ್ಟು ನೀರನ್ನು ಹೊರಗೆ ಬಿಡುತ್ತದೆ. ಕವಾಟದಿಂದ ಆಗಾಗ ನಾಲ್ಕು ಹನಿ ಉದುರುವುದು ಅದು ಜೀವಂತವಾಗಿದೆ ಎಂಬುದರ ಗುರುತು. ಆದರೆ ಮನೆಯವರಿಗೆ ಅದು 'ಸೋರಿಕೆ'ಯಾಗಿ ಕಾಣುತ್ತದೆ. ಕರೆಸಿದ ಎಲೆಕ್ಟ್ರಿಷಿಯನ್ ಅದಕ್ಕೊಂದು ಬಿರಡೆ ಬಿಗಿದು ಸೋರಿಕೆ ನಿಲ್ಲಿಸಿದೆನೆಂದು ಕೂಲಿ ಪಡೆದು ಹೋಗುತ್ತಾನೆ. ಅಕ್ಕನ ಮನೆಯಲ್ಲಿ ಆದದ್ದೂ ಇದೇ. ಕಾಣುವ ಸೋರಿಕೆಯನ್ನು ನಿಲ್ಲಿಸಿ ಕಾಣದ ಸೋರಿಕೆಗೆ ದಾರಿ ಮಾಡಿದ್ದಾಯಿತು. ಆತನನ್ನು ದೂರಿ ಪ್ರಯೋಜನವಿಲ್ಲ. ಅದನ್ನು ಕಲಿಸಿಕೊಡುವ ವ್ಯವಸ್ಥೆಯೇ ಆತನ ಬಳಿಗೆ ಬಂದಿರಲಿಲ್ಲ. ಬಿಸಿನೀರಿಗೆ ಸಲ್ಲದ ಸಾಮಾನ್ಯ ಪಿವಿಸಿ ಪೈಪನ್ನು ಬಳಸುವುದು, ನೀರು ತುಂಬಿದಾಗ ಮೂವತ್ತೈದು ಕಿಲೋ ತೂಗಬಲ್ಲ ಗೀಸರನ್ನು ಮಣ್ಣಿನ ಗೋಡೆಗೆ ಎರಡು ಮೊಳೆಯ ಮೇಲೆ ನೇತುಹಾಕುವುದು, ಗೀಸರಿಗೆ ಹೋಗುವ ನೀರನ್ನು ಪ್ರತ್ಯೇಕವಾಗಿ ನಿಲ್ಲಿಸಲು ಒಂದು ವಾಲ್ವ್ ಕೂಡ ಇಡದಿರುವುದು ಇವೆಲ್ಲ ಇದೇ ಅಜ್ಞಾನದ ಬೇರೆ ಬೇರೆ ರೂಪಗಳು.

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವ ಸಂಗತಿಯೊಂದನ್ನು ಹೇಳಬೇಕು. ಬಿಲ್ಲು ಎಂಬುದು ಹಣ ಕೇಳುವ ಚೀಟಿ ಮಾತ್ರವಲ್ಲ, ಅದು ಮಾಹಿತಿ. ನೀರಿನ ಮೀಟರ್ ಇದ್ದ ಮನೆಯಲ್ಲಿ ಸೋರಿಕೆಯಾದರೆ ಮುಂದಿನ ತಿಂಗಳ ಬಿಲ್ಲು ಎಚ್ಚರಿಸುತ್ತದೆ. ಹಳ್ಳಿಯಲ್ಲಿ ನೀರಿನ ಕರ ಬಹುಮಟ್ಟಿಗೆ ಒಂದೇ ಮೊತ್ತ. ಎಷ್ಟು ಸೋರಿದರೂ ಅದು ಏರುವುದಿಲ್ಲ. ಬಿಸಿನೀರು ಸೋರುತ್ತಿದ್ದರೆ ಗೀಸರ್ ಮತ್ತೆ ಮತ್ತೆ ಕಾಯಿಸಿ ವಿದ್ಯುತ್ ಬಿಲ್ಲನ್ನು ಏರಿಸುತ್ತಿತ್ತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್‌ಗಳ ಮಿತಿಯೊಳಗೆ ಶೂನ್ಯ ಬಿಲ್ಲು ಪಡೆಯುವ ಮನೆಗಳಲ್ಲಿ ಆ ಎಚ್ಚರಿಕೆಯ ಗಂಟೆಯೂ ಮೌನವಾಗಿದೆ. ಇದು ಆ ಯೋಜನೆಯ ಟೀಕೆಯಲ್ಲ. ಬಡ ಮನೆಗಳಿಗೆ ಅದು ನೀಡಿರುವ ನೆಮ್ಮದಿಯನ್ನು ನಾನು ಬಲ್ಲೆ. ಆದರೆ ಬೆಲೆಯೊಂದು ಹೇಳುತ್ತಿದ್ದ ಮಾತನ್ನು ನಿಲ್ಲಿಸಿದಾಗ ಆ ಮಾತನ್ನು ಬೇರೆ ಯಾರಾದರೂ ಹೇಳಬೇಕಾಗುತ್ತದೆ. ಅಕ್ಕನ ಮನೆಯಲ್ಲಿ ಅದನ್ನು ಹೇಳಿದವನು ನೀರುಗಂಟಿ.

ಮಾರುಕಟ್ಟೆಯೂ ಈ ಮಾಹಿತಿಯನ್ನು ತಾನಾಗಿ ಕೊಡುವುದಿಲ್ಲ. ಗೀಸರಿನ ಮೇಲಿರುವ ನಕ್ಷತ್ರಗಳ ಪಟ್ಟಿಯನ್ನು ಕೊಳ್ಳುವವರು ಗುಣಮಟ್ಟದ ಮುದ್ರೆಯೆಂದೇ ತಿಳಿಯುತ್ತಾರೆ. ಅದು ಹೇಳುವುದು, ಕಾಯಿಸಿಟ್ಟ ನೀರು ಎಷ್ಟು ಶಾಖವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಮಾತ್ರ. ತೊಟ್ಟಿ ಎಷ್ಟು ವರ್ಷ ಬಾಳುತ್ತದೆಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. 2003ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಸಂಗ್ರಹ ಮಾದರಿಯ ವಿದ್ಯುತ್ ಗೀಸರುಗಳಿಗೆ ಐಎಸ್ಐ ಮುದ್ರೆ ಕಡ್ಡಾಯವಾಗಿದೆ. ಅದು ಸ್ವಾಗತಾರ್ಹ. ಆದರೆ ಆ ಮುದ್ರೆ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುತ್ತದೆ. ಯಾವ ಗೋಡೆಗೆ, ಯಾವ ಪೈಪಿಗೆ, ಯಾವ ಒತ್ತಡಕ್ಕೆ, ಯಾರು ಜೋಡಿಸಿದರು ಎಂಬುದನ್ನು ನೋಡುವವರಿಲ್ಲ.

ನಗರಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಅಲ್ಲಿ ಗೀಸರ್ ಸೋರಿದರೆ ನಷ್ಟವಾಗುವುದು ಅದರ ಒಡೆಯನಿಗಲ್ಲ, ಕೆಳಗಿನ ಮನೆಯವನಿಗೆ. ಮೇಲಿನವನ ನೆಲ ಒಣಗಿಯೇ ಇರುತ್ತದೆ, ಕೆಳಗಿನವನ ತಾರಸಿಯಲ್ಲಿ ಕಪ್ಪು ಕಲೆ ಹರಡುತ್ತದೆ. ಒಬ್ಬನ ಅಲಕ್ಷ್ಯದ ಬೆಲೆಯನ್ನು ಇನ್ನೊಬ್ಬ ತೆರುವ ಇಂಥ ಸಂದರ್ಭವನ್ನು ನಾವು ಪಠ್ಯಪುಸ್ತಕದಲ್ಲಿ ಕಾರ್ಖಾನೆಯ ಹೊಗೆಯ ಉದಾಹರಣೆಯಿಂದ ಕಲಿಯುತ್ತಿದ್ದೆವು. ಗೀಸರ್ ಇನ್ನೂ ಒಳ್ಳೆಯ ಉದಾಹರಣೆ. ಬಾಡಿಗೆ ಮನೆಯಾದರಂತೂ ಸಮಸ್ಯೆ ಇಮ್ಮಡಿ. ನಾಳೆ ಬಿಟ್ಟುಹೋಗುವ ಮನೆಯ ಗೀಸರಿನ ಸರಳನ್ನು ಬಾಡಿಗೆದಾರ ಏಕೆ ಬದಲಾಯಿಸಬೇಕು? ತಾನು ನೋಡದ ಗೀಸರಿನ ಬಗ್ಗೆ ಮಾಲೀಕ ಏಕೆ ಚಿಂತಿಸಬೇಕು? ಕಟ್ಟಿ ಮಾರುವವನಿಗೆ ಕಣ್ಣಿಗೆ ಕಾಣುವ ಟೈಲ್ಸು ಮುಖ್ಯವೇ ಹೊರತು ಅದರ ಹಿಂದಿನ ಪೈಪಲ್ಲ. ಹೀಗೆ ಪ್ರತಿಯೊಬ್ಬನೂ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದ್ದು, ಒಟ್ಟು ಲೆಕ್ಕ ತಪ್ಪಾಗುತ್ತದೆ. ನಾನು ಕಂಡ ಅಪಾರ್ಟ್‌ಮೆಂಟ್ ಸಂಘಗಳ ಸಭೆಗಳಲ್ಲಿ ಕಾವೇರಿ ನೀರಿನ ನಂತರ ಹೆಚ್ಚು ಜಗಳವಾಗುವುದು ಇದೇ ವಿಷಯಕ್ಕೆ.

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಅಮೆರಿಕದ ಅನೇಕ ರಾಜ್ಯಗಳು ಅನುಸರಿಸುವ ಪ್ಲಂಬಿಂಗ್ ಸಂಹಿತೆಯ ಪ್ರಕಾರ, ಸೋರಿದರೆ ಕಟ್ಟಡಕ್ಕೆ ಹಾನಿಯಾಗುವ ಜಾಗದಲ್ಲಿ ನೀರು ಕಾಯಿಸುವ ತೊಟ್ಟಿಯನ್ನಿಟ್ಟರೆ ಅದರ ಕೆಳಗೆ ತಟ್ಟೆಯೊಂದಿರಬೇಕು. ಹೊಸ ಕಟ್ಟಡವಾದರೆ ಆ ತಟ್ಟೆಯಿಂದ ನೀರು ಹೊರಗೆ ಹೋಗಲು ಪೈಪಿರಬೇಕು. ಬ್ರಿಟನ್ನಿನ ಕಟ್ಟಡ ನಿಯಮಗಳು ಒತ್ತಡದಲ್ಲಿ ಕೆಲಸ ಮಾಡುವ ದೊಡ್ಡ ಬಿಸಿನೀರಿನ ತೊಟ್ಟಿಗಳನ್ನು ಅರ್ಹತೆ ಪಡೆದವರೇ ಜೋಡಿಸಬೇಕೆಂದೂ, ಸುರಕ್ಷಾ ಕವಾಟದ ನೀರು ಕಣ್ಣಿಗೆ ಕಾಣುವಂತೆ ಹೊರಹೋಗಬೇಕೆಂದೂ ಬಯಸುತ್ತವೆ. ಈ ಎರಡರಲ್ಲೂ ಇರುವ ತತ್ತ್ವ ಒಂದೇ. ಸೋರಿಕೆಯನ್ನು ಪೂರ್ತಿ ತಡೆಯಲಾಗದಿದ್ದರೂ ಅದನ್ನು ಕಾಣುವಂತೆ ಮಾಡಬಹುದು. ಕಂಡ ಸೋರಿಕೆ ಅರ್ಧ ನಿಂತ ಹಾಗೆಯೇ.

ನಮ್ಮಲ್ಲೂ ನಿಯಮಗಳಿಗೆ ಬರವಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಕೊಳಾಯಿ ಕೆಲಸಕ್ಕೆಂದೇ ಒಂದು ಭಾಗವಿದೆ. ಆದರೆ ಅದು ಚಂದ್ರಗುತ್ತಿಯ ಬಚ್ಚಲಿಗೆ ಇಳಿದು ಬರುವುದಿಲ್ಲ. ಹೊಸ ಕಾನೂನೊಂದನ್ನು ಮಾಡಿ, ಅದಕ್ಕೊಬ್ಬ ತನಿಖಾಧಿಕಾರಿಯನ್ನು ನೇಮಿಸಿ ಎಂದು ನಾನು ಹೇಳಲಾರೆ. ಆ ಅಧಿಕಾರಿ ಮನೆಮನೆಗೆ ಹೋಗಿ ಏನನ್ನು ಪರೀಕ್ಷಿಸುತ್ತಾನೆಂಬುದನ್ನು ಇಷ್ಟು ವರ್ಷದ ಸೇವೆ ನನಗೆ ಕಲಿಸಿದೆ. ಕಡಿಮೆ ಖರ್ಚಿನ, ಈಗಾಗಲೇ ಇರುವ ವ್ಯವಸ್ಥೆಯ ಮೂಲಕವೇ ಆಗಬಹುದಾದ ಕೆಲವು ಕೆಲಸಗಳಿವೆ.

ಮೊದಲನೆಯದು ತರಬೇತಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ನೀರುಗಂಟಿಯಿದ್ದಾನೆ. ಊರಿನ ಪ್ರತಿಯೊಂದು ನಲ್ಲಿಯೂ ಆತನಿಗೆ ಗೊತ್ತು. ಒಂದೆರಡು ದಿನಗಳ ತರಬೇತಿ ಕೊಟ್ಟರೆ ಸುರಕ್ಷಾ ಕವಾಟ ಯಾವುದು, ಅದಕ್ಕೆ ಬಿರಡೆ ಏಕೆ ಬಿಗಿಯಬಾರದು, ಸೋರಿಕೆಯನ್ನು ಹೇಗೆ ಪತ್ತೆಹಚ್ಚಬೇಕು ಎಂಬುದನ್ನು ಆತ ಕಲಿಯುತ್ತಾನೆ. ತಪಾಸಣೆಗೆ ಇಷ್ಟೆಂದು ಪಂಚಾಯಿತಿಯೇ ದರ ಗೊತ್ತುಪಡಿಸಿದರೆ, ಸಣ್ಣ ಸಂಬಳದಲ್ಲಿ ದುಡಿಯುವ ಆತನಿಗೆ ನಾಲ್ಕು ಕಾಸಿನ ಆದಾಯವೂ ಆದೀತು. ಎರಡನೆಯದು, ಗೀಸರಿನ ಹೊರಮೈಯಲ್ಲಿ ಎದ್ದು ಕಾಣುವಂತೆ ಕನ್ನಡದಲ್ಲಿ ಎರಡು ಸಾಲು: ತಯಾರಾದ ವರ್ಷ, ಸರಳು ಬದಲಾಯಿಸಬೇಕಾದ ವರ್ಷ. ಅಡುಗೆ ಅನಿಲದ ಸಿಲಿಂಡರಿನ ಕೊರಳಿನಲ್ಲಿ ಮುಂದಿನ ಪರೀಕ್ಷೆಯ ಅವಧಿಯನ್ನು ಬರೆಯಬಹುದಾದರೆ ಗೀಸರಿನ ಮೇಲೆ ಏಕಾಗದು? ಮೂರನೆಯದು, ಸರ್ಕಾರದ ವಸತಿ ನಿಲಯ, ಆಸ್ಪತ್ರೆ, ನೌಕರರ ವಸತಿಗೃಹಗಳ ಅಂದಾಜುಪಟ್ಟಿಯಲ್ಲಿ ಗೀಸರಿನ ಜೊತೆಗೆ ಕೆಳಗಿನ ತಟ್ಟೆ, ಹೊರಹೋಗುವ ಪೈಪು ಮತ್ತು ಪ್ರತ್ಯೇಕ ವಾಲ್ವನ್ನು ಸೇರಿಸಬೇಕು. ಸರ್ಕಾರ ತಾನು ಕೊಳ್ಳುವಾಗ ಪಾಲಿಸಿದ ಪದ್ಧತಿ ಕ್ರಮೇಣ ಮಾರುಕಟ್ಟೆಯ ಪದ್ಧತಿಯಾಗುತ್ತದೆ.

ವಿಮೆಯ ಮಾತನ್ನೂ ಇಲ್ಲಿ ಹೇಳಬೇಕು. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಮನೆವಿಮೆ ಜಾರಿಯಲ್ಲಿದೆ. ನೀರಿನ ತೊಟ್ಟಿ, ಉಪಕರಣ, ಪೈಪುಗಳು ಒಡೆದು ಅಥವಾ ಉಕ್ಕಿ ಆಗುವ ಹಾನಿಯೂ ಅದರ ವ್ಯಾಪ್ತಿಯಲ್ಲಿದೆ. ನಮ್ಮ ಜನ ಬೈಕಿಗೆ ವಿಮೆ ಮಾಡಿಸುತ್ತಾರೆ, ಜೀವಮಾನದ ಗಳಿಕೆಯಾದ ಮನೆಗೆ ಮಾಡಿಸುವುದಿಲ್ಲ. ಆದರೆ ವಿಮೆಯನ್ನೇ ನಂಬಿ ಕೂರುವಂತೆಯೂ ಇಲ್ಲ. ವಿಮೆ ಇರುವುದು ಅನಿರೀಕ್ಷಿತಕ್ಕೆ. ನಾಲ್ಕು ತಿಂಗಳು ಹನಿಹನಿಯಾಗಿ ಸೋರಿದ್ದನ್ನು ಅನಿರೀಕ್ಷಿತವೆಂದು ವಾದಿಸಿ ಗೆಲ್ಲುವುದು ಕಷ್ಟ. ಕಳೆದುಹೋದ ಫಾರಂ 10ಕ್ಕೆ, ಅಳಿಸಿಹೋದ ಚಿತ್ತಾರಕ್ಕೆ ಯಾವ ಕಂಪನಿಯೂ ಪರಿಹಾರ ಕೊಡಲಾರದು.

ನಷ್ಟ ನೀರಿನಿಂದ ಮಾತ್ರ ಆಗುವುದೂ ಅಲ್ಲ. ಸೋರುವ ಗೀಸರಿನಲ್ಲಿ ವಿದ್ಯುತ್ತಿದೆ. ಸುರುಳಿಯ ಹೊದಿಕೆ ತೂತಾಗಿ ನೀರು ಒಳಹೊಕ್ಕರೆ, ಗ್ರೌಂಡಿಂಗ್ ಸರಿಯಿಲ್ಲದ ಮನೆಯಲ್ಲಿ ಷವರಿನ ನೀರೇ ಆಘಾತ ಕೊಡಬಲ್ಲದು. ಮೂವತ್ತು ಮಿಲಿ ಆಂಪಿಯರ್ ಸೋರಿಕೆಗೆ ತಾನಾಗಿ ಕಡಿತಗೊಳ್ಳುವ ಸ್ವಿಚ್ಚೊಂದನ್ನು ಮನೆಗೆ ಹಾಕಿಸಿದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಗೀಸರ್ ಹಾಕಿದಾಗಲೆಲ್ಲ ಆ ಸ್ವಿಚ್ಚು ಬೀಳುತ್ತಿದ್ದರೆ, ಅದನ್ನು ತೆಗೆಸಿಹಾಕುವ ಬದಲು ಗೀಸರನ್ನು ಪರೀಕ್ಷಿಸಬೇಕು. ಅದು ಗೀಸರ್ ಕಳಿಸುತ್ತಿರುವ ಮೊದಲ ಪತ್ರ.

ಇವೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲ. ಮನೆಯವರೇ ಮಾಡಿಕೊಳ್ಳಬಹುದಾದ ಪರೀಕ್ಷೆ ಬಹಳ ಸುಲಭ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿದ ಮೇಲೆ ತೊಟ್ಟಿಯ ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಬೆಳಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಮರುದಿನ ಗೀಸರಿನ ವಾಲ್ವನ್ನು ಮುಚ್ಚಿ ಇದೇ ಪರೀಕ್ಷೆ ಮಾಡಿ. ಆಗ ಇಳಿಯದಿದ್ದರೆ ಕಳ್ಳ ಗೀಸರಿನ ಕಡೆಯೇ ಇದ್ದಾನೆ. ವಾರಗಟ್ಟಲೆ ಊರಿಗೆ ಹೋಗುವಾಗ ಗೀಸರಿನ ಸ್ವಿಚ್ಚಿನ ಜೊತೆಗೆ ನೀರನ್ನೂ ನಿಲ್ಲಿಸಿ ಹೋಗಿ. ಸುರಕ್ಷಾ ಕವಾಟದ ಬಾಯಿಗೆ ಸಣ್ಣ ಕೊಳವೆ ಸಿಕ್ಕಿಸಿ ನೆಲದ ಮೋರಿಯತ್ತ ಕಾಣುವಂತೆ ಇಳಿಬಿಡಿ, ಅದನ್ನೆಂದೂ ಮುಚ್ಚಬೇಡಿ. ಮಣ್ಣಿನ ಅಥವಾ ಜಂಬಿಟ್ಟಿಗೆಯ ಹಳೆಯ ಮನೆಯಾದರೆ ಗೀಸರನ್ನು ನಡುಗೋಡೆಗೆ ತೂಗಿಸದೆ ಹೊರಗೋಡೆಗೆ, ಗೋಡೆಯಿಂದ ಎರಡು ಬೆರಳು ಬಿಟ್ಟು, ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ. ಹತ್ತು ವರ್ಷ ದಾಟಿದ ಗೀಸರನ್ನು 'ಇನ್ನೂ ಚೆನ್ನಾಗಿದೆ' ಎಂಬ ಒಂದೇ ಕಾರಣಕ್ಕೆ ಮುಂದುವರಿಸಬೇಡಿ. ಮತ್ತು ಜಮೀನಿನ ಕಾಗದಗಳನ್ನು ದಯವಿಟ್ಟು ಬಚ್ಚಲಿನ ಗೋಡೆಗೆ ಒತ್ತಿಸಿ ಇಡಬೇಡಿ. ಭಾವನ ಫಾರಂ 10ರ ದೃಢೀಕೃತ ನಕಲು ಪಡೆಯಲು ನಾವು ತಿಂಗಳುಗಟ್ಟಲೆ ಓಡಾಡಬೇಕಾಯಿತು. ನಕಲು ಸಿಕ್ಕಿತು. ಆದರೆ ಹಿರಿಯರ ಕೈಯಲ್ಲಿ ಮಡಚಿ ಮಡಚಿ ಸವೆದಿದ್ದ ಆ ಹಾಳೆ ಸಿಗಲಿಲ್ಲ.

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ ಎಂದು ಕೇಳಬಹುದು. ಅದಕ್ಕೆ ನಮ್ಮ ಪಂಚಾಂಗದಲ್ಲೇ ಒಂದು ದಿನವಿದೆ. ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬುವ ಹಬ್ಬ. ಅಂದು ಬಚ್ಚಲನ್ನು ತೊಳೆದು, ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಿದ್ದರು. ಇದನ್ನು ಬರಿಯ ಆಚರಣೆ ಎಂದು ಭಾವಿಸಿದ್ದ ನನಗೆ ಈಗ ಅದರಲ್ಲಿ ಬೇರೆಯೇ ಅರ್ಥ ಕಾಣುತ್ತಿದೆ. ಹಂಡೆಯನ್ನು ಒಲೆಯಿಂದ ಇಳಿಸಿ, ಮಸಿ ಕೆರೆದು, ತಿರುಗಿಸಿ ಮುರುಗಿಸಿ ನೋಡಿದರೆ ಅದರ ಬಿರುಕು, ಸವೆತ ಎಲ್ಲ ಕಣ್ಣಿಗೆ ಬೀಳಲೇಬೇಕು. ಅದು ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ತಪಾಸಣೆಯಾಗಿತ್ತು. ಅದೂ ಮಳೆಗಾಲ ಮುಗಿದು ಗೋಡೆಗಳು ಒಣಗಿ, ಯಾವುದು ಮಳೆಯ ತೇವ, ಯಾವುದು ಅಲ್ಲ ಎಂದು ಗುರುತಿಸಬಹುದಾದ ಕಾಲದಲ್ಲಿ. ಈಗ ಬಹಳ ಮನೆಗಳಲ್ಲಿ ಗೀಸರಿಗೇ ಕುಂಕುಮ ಹಚ್ಚಿ, ಹೂವಿಟ್ಟು, ಹಬ್ಬ ಮುಗಿಸುತ್ತಾರೆ. ಪೂಜೆ ಉಳಿದಿದೆ, ಬೆಳಗುವ ಕೆಲಸ ಬಿಟ್ಟುಹೋಗಿದೆ.

ಹೋದ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಗೀಸರ್ ಹೊರಗೋಡೆಗೆ ಹೋಗಿದೆ. ನಡುಗೋಡೆಯ ಬುಡವನ್ನು ಜಂಬಿಟ್ಟಿಗೆಯಲ್ಲಿ ಮರುಕಟ್ಟಿದ್ದಾರೆ. ನೀರು ತುಂಬುವ ದಿನ ಬೆಳಗ್ಗೆ ನೀರುಗಂಟಿಯನ್ನು ಕರೆಸಿ ಸರಳು ಬಿಚ್ಚಿಸಿ ನೋಡಿದರು. ಇನ್ನೊಂದು ವರ್ಷಕ್ಕೆ ಸಾಕು ಎಂದ. ಆಮೇಲೆ ಅಕ್ಕ ಗೀಸರಿಗೆ ಹಿಂಡಲಕಾಯಿ ಬಳ್ಳಿ ಸುತ್ತಿದಳು. ಗೋಡೆ ಮುಟ್ಟಿ ನೋಡಿದೆ, ಒಣಗಿತ್ತು. ಚಿತ್ತಾರವನ್ನು ಮಾತ್ರ ಇನ್ನೂ ಬರೆದಿಲ್ಲ. ಮೊಮ್ಮಗಳ ಮದುವೆಗೆ ಬರೆಯುವುದೆಂದು ಜಾಗ ಬಿಟ್ಟಿದ್ದಾರೆ.